ಎದೆಯ ಫೋಟೊ ತೆಗೆಸಿದರೆ ಬಸಿರಿಗೆ ಕುತ್ತೇ?

ಶಿರೋಳ: ಕೆಮ್ಮು ಬಿಡಲಿಲ್ಲವೆಂದು ಶಿರೋಳದಿಂದ ನರಗುಂದಕ್ಕೋ ಗದಗಿಗೋ ಬಸ್ ಹತ್ತಿ ಹೋಗಿ ಎದೆಯ ಫೋಟೊ ತೆಗೆಸಿ ಬಂದ ಸೊಸೆಗೆ, ಎರಡು ವಾರದ ಮೇಲೆ ತಾನು ಬಸಿರಿ ಎಂದು ಗೊತ್ತಾದರೆ? ಮನೆಯಲ್ಲಿ ಗುಸುಗುಸು ಶುರು. ‘ಎಕ್ಸ್‌ರೇ ಬಿದ್ದೈತಿ, ಕೂಸು ನೆಟ್ಟಗ ಹುಟ್ಟೂದಿಲ್ಲ, ತಗಸಿಬಿಡ್ರಿ’ ಎನ್ನುವವರಿಗೇನೂ ಬರವಿಲ್ಲ.

ಈ ಮಾತಿಗೆ ಬುಡವಿಲ್ಲ. ಕಿರಣವನ್ನು ಮಿಲಿಗ್ರೇ ಎಂಬ ಅಳತೆಯಲ್ಲಿ ಅಳೆಯುತ್ತಾರೆ. ಎದೆಯ ಒಂದು ಎಕ್ಸ್‌ರೇಯಿಂದ ಗರ್ಭಕ್ಕೆ ಮುಟ್ಟುವುದು ಹೆಚ್ಚೆಂದರೆ 0.01 ಮಿಲಿಗ್ರೇ. 50 ಮಿಲಿಗ್ರೇ ಒಳಗೆ ಕೂಸಿಗೆ ಊನವಾದದ್ದು ಕಂಡುಬಂದಿಲ್ಲ. ಮಣ್ಣು, ಆಕಾಶಗಳಿಂದ ಬರುವ ಸಹಜ ಕಿರಣವೇ ಒಂಬತ್ತು ತಿಂಗಳಲ್ಲಿ ಎದೆಯ ಫೋಟೊಕ್ಕಿಂತ ಎಷ್ಟೋ ಪಾಲು ಹೆಚ್ಚು.

ಹಾಗಂತ ಕಿರಣ ಆಟದ ಸಾಮಾನಲ್ಲ. 1945ರಲ್ಲಿ ಹಿರೋಶಿಮಾ, ನಾಗಾಸಾಕಿಗಳ ಮೇಲೆ ಬಾಂಬ್ ಬಿದ್ದಾಗ ತಾಯಿಯ ಹೊಟ್ಟೆಯಲ್ಲಿದ್ದ ಸುಮಾರು 1,600 ಮಕ್ಕಳನ್ನು ಮುಂದೆ ಪರೀಕ್ಷಿಸಲಾಯಿತು. 30 ಮಂದಿಗೆ ತೀವ್ರ ಬುದ್ಧಿಮಾಂದ್ಯ. ಮಿದುಳು ಬೆಳೆಯುವ 8ರಿಂದ 15ನೇ ವಾರದಲ್ಲಿದ್ದವರಿಗೇ ಪೆಟ್ಟು ಹೆಚ್ಚು. ಬಸಿರು ಕಟ್ಟಿದ ಮೊದಲ ಎರಡು ವಾರದಲ್ಲಿ ಭಾರಿ ಕಿರಣ ಬಿದ್ದರೆ ಬಸಿರೇ ನಿಲ್ಲದೆ ಹೋಗಬಹುದು. ಮುಂದೆ 8 ವಾರದ ತನಕ ಅಂಗಾಂಗ ಮೂಡುವ ಕಾಲ.

ಹೆದರಿಕೆಯೂ ಬಲಿ ತೆಗೆದುಕೊಳ್ಳುತ್ತದೆ. 1986ರಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದಾಗ ದೂರದ ಗ್ರೀಸ್ ದೇಶಕ್ಕೆ ಮುಟ್ಟಿದ ಕಿರಣ ಅತ್ಯಲ್ಪ. ಆದರೂ ಅಲ್ಲಿ ಎಳೆ ಬಸಿರುಗಳಲ್ಲಿ ನೂರಕ್ಕೆ 23ರಷ್ಟನ್ನು ಭಯದಿಂದಲೇ ತೆಗೆಸಿದರೆಂದು 1987ರ ಅಧ್ಯಯನದ ಅಂದಾಜು.

ಹೊಟ್ಟೆ, ಸೊಂಟದ ಸಿಟಿ ಸ್ಕ್ಯಾನ್‌ನಲ್ಲಿ ಮಾತ್ರ ಕಿರಣ ಹೆಚ್ಚು. 10ರಿಂದ 50 ಮಿಲಿಗ್ರೇ ತನಕ ಹೋಗಬಹುದು. ಕೂಸಿಗೆ ಮುಂದೆ ಕ್ಯಾನ್ಸರ್ ಬರುವ ಸಂಭವ ಕೊಂಚ ಏರೀತೆಂಬ ಕಾರಣಕ್ಕೆ ವೈದ್ಯರು ಬೇಡದ ಫೋಟೊ ತೆಗೆಸುವುದಿಲ್ಲ. ಬಸುರಿಯರಿಗೆ ಮಾಡುವ ಹೊಟ್ಟೆಯ ಸ್ಕ್ಯಾನಿಂಗ್ ಬೇರೆ; ಅದು ಶಬ್ದದ ಅಲೆ, ಕಿರಣವೇ ಅಲ್ಲ.

ಆದ್ದರಿಂದ ಹೆಣ್ಣುಮಕ್ಕಳು ಮಾಡಬೇಕಾದ್ದು ಇಷ್ಟೇ. ಮುಟ್ಟು ತಪ್ಪಿದ್ದರೆ ಎಕ್ಸ್‌ರೇ ಕೋಣೆಗೆ ಹೋಗುವ ಮುಂಚೆಯೇ ಹೇಳುವುದು. ಮೊದಲೇ ತೆಗೆಸಿದ್ದರೆ ಆ ಫಿಲ್ಮು, ಚೀಟಿ ಹಿಡಿದು ಹೆರಿಗೆ ಡಾಕ್ಟರನ್ನು ಕಾಣುವುದು. ಯಾವ ಭಾಗದ್ದು, ಯಾವ ವಾರದಲ್ಲಿ ಎಂದು ನೋಡಿ ಅವರು ಲೆಕ್ಕ ಹಾಕುತ್ತಾರೆ. ಕ್ಷಯದ ಗುಮಾನಿ ಇದ್ದಾಗ ಹೆದರಿ ಎದೆಯ ಫೋಟೊ ಬೇಡವೆಂದರೆ, ತಾಯಿ ಕೂಸು ಇಬ್ಬರಿಗೂ ಅದೇ ದೊಡ್ಡ ಅಪಾಯ.