ಕಣಜದಲ್ಲಿ ಉಳಿದಿರುವುದೆಷ್ಟು?

ಭೂಮಿಯು ಬಿಸಿಯಾಗುತ್ತಿದೆ ಎಂಬ ಮಾತನ್ನು ಈಗ ಕೇಳದವರಿಲ್ಲ. ಪತ್ರಿಕೆಗಳಲ್ಲಿ ಓದುತ್ತೇವೆ, ಭಾಷಣಗಳಲ್ಲಿ ಕೇಳುತ್ತೇವೆ, ಪರೀಕ್ಷೆಗಾಗಿ ಬಾಯಿಪಾಠವನ್ನೂ ಮಾಡುತ್ತೇವೆ. ಆದರೆ ಇದನ್ನು ತಡೆಯಬೇಕಾದರೆ ಎಷ್ಟರೊಳಗೆ ಏನು ಆಗಬೇಕು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುಮಂದಿ ಸುಮ್ಮನಾಗುತ್ತೇವೆ. ನಾನೂ ಹಾಗೆ ಸುಮ್ಮನಾದವನೇ. ಕಳೆದ ಬೇಸಗೆ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮ ತಂದೆಯವರು, "ಅಲ್ಲಪ್ಪಾ, ಬಿಸಿಲು ವರ್ಷವರ್ಷಕ್ಕೂ ಏರುತ್ತೆ ಅಂತಾರೆ. ಇದಕ್ಕೆ ಕೊನೆ ಅನ್ನೋದು ಇದೆಯೋ ಇಲ್ಲವೋ? ನಿಮ್ಮ ಪುಸ್ತಕದಲ್ಲಿ ಏನು ಬರೆದಿದೆ?" ಎಂದು ಕೇಳಿದರು. ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ ಆದುದರಿಂದ ಇಂಥ ಪ್ರಶ್ನೆಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಅಂದು ಉತ್ತರ ಹೇಳಲಾರದೆ ನಾಚಿಕೆಪಟ್ಟೆ. ಆಮೇಲೆ ಓದಿ ತಿಳಿದುಕೊಂಡುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಅರ್ಥಶಾಸ್ತ್ರ ಓದುವವನು. ಆದರೆ ಈ ವಿಷಯದ ತಿರುಳು ಒಂದು ಲೆಕ್ಕಾಚಾರವೇ ಆಗಿರುವುದರಿಂದ ನಮ್ಮಂಥವರಿಗೂ ಅದು ಎಟುಕದ ಸಂಗತಿಯೇನಲ್ಲ.

ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಉರಿಸಿದಾಗ ಇಂಗಾಲಾಮ್ಲ ವಾಯು ಹೊರಬರುತ್ತದೆ. ಇಂದಿನ ಪಠ್ಯಪುಸ್ತಕಗಳು ಇದನ್ನೇ ಇಂಗಾಲದ ಡೈಆಕ್ಸೈಡ್ ಎನ್ನುತ್ತವೆ. ಇದು ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ತಡೆದು ನಿಲ್ಲಿಸುತ್ತದೆ. ಈ ವಾಯು ಹೆಚ್ಚಿದರೆ ಉಷ್ಣತೆಯೂ ಹೆಚ್ಚುವುದೆಂದು ಸ್ವೀಡನ್ ದೇಶದ ಸ್ವಾಂಟೆ ಅರ್ಹೇನಿಯಸ್ 1896ರಷ್ಟು ಹಿಂದೆಯೇ ಲೆಕ್ಕಹಾಕಿ ತೋರಿಸಿದ್ದನು. 1958ರಲ್ಲಿ ಅಮೆರಿಕದ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಇದನ್ನು ಅಳೆಯಲು ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಇಂಗಾಲಾಮ್ಲವಿದ್ದಿತು. ಇಂದು ಅದು 420ನ್ನು ಮೀರಿದೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಒಲೆಯ ಹೊಗೆ ಕಿಟಕಿ ತೆರೆದರೆ ಹೋಗಿಬಿಡುತ್ತದೆ; ಇಂಗಾಲಾಮ್ಲ ಹಾಗೆ ಹೋಗುವುದಿಲ್ಲ. ಒಂದು ಪಾಲನ್ನು ಕಡಲೂ ಕಾಡೂ ಹೀರಿಕೊಂಡರೂ ಉಳಿದುದು ಶತಮಾನಗಳ ಕಾಲ ವಾಯುಮಂಡಲದಲ್ಲೇ ನಿಲ್ಲುತ್ತದೆ. ಆದುದರಿಂದ ಈ ವರ್ಷ ಎಷ್ಟು ಹೊರಬಿಟ್ಟೆವು ಎಂಬುದಕ್ಕಿಂತ ಮೊದಲಿನಿಂದ ಇದುವರೆಗೆ ಒಟ್ಟು ಎಷ್ಟು ಹೊರಬಿಟ್ಟೆವು ಎಂಬುದೇ ಉಷ್ಣತೆಯನ್ನು ನಿರ್ಣಯಿಸುತ್ತದೆ. 2009ರಲ್ಲಿ ಮೈಲ್ಸ್ ಆಲೆನ್, ಮಾಲ್ಟೆ ಮೈನ್ಸ್‌ಹೌಸೆನ್ ಮೊದಲಾದವರು ಪ್ರಕಟಿಸಿದ ಪ್ರಬಂಧಗಳು ಈ ಮಾತನ್ನು ಸ್ಪಷ್ಟಪಡಿಸಿದವು. ಒಂದು ಲಕ್ಷ ಕೋಟಿ ಟನ್ ಇಂಗಾಲಾಮ್ಲಕ್ಕೆ ಸುಮಾರು 0.45 ಡಿಗ್ರಿ ಸೆಲ್ಸಿಯಸ್ ಏರಿಕೆಯೆಂದು ಅಂತರಸರ್ಕಾರಿ ಹವಾಮಾನ ಮಂಡಳಿಯು 2021ರ ವರದಿಯಲ್ಲಿ ಅಂದಾಜು ಮಾಡಿದೆ.

ಇದನ್ನು ಓದಿದಾಗ ನನಗೆ ನೆನಪಾದುದು ನಮ್ಮ ಮನೆಯ ರಾಗಿಯ ಕಣಜ. ಸುಗ್ಗಿ ಮುಗಿದ ಮೇಲೆ ನಮ್ಮ ತಾಯಿಯವರು, ಮುಂದಿನ ಸುಗ್ಗಿಯವರೆಗೆ ತಿಂಗಳಿಗೆ ಇಷ್ಟು ಎಂದು ಮನಸ್ಸಿನಲ್ಲೇ ಅಳೆದಿಟ್ಟುಕೊಳ್ಳುತ್ತಿದ್ದರು. ಉಷ್ಣತೆ ಇಷ್ಟು ಡಿಗ್ರಿಯನ್ನು ಮೀರಬಾರದು ಎಂದು ಗೊತ್ತುಮಾಡಿಕೊಂಡರೆ, ಇನ್ನು ಇಷ್ಟೇ ಇಂಗಾಲಾಮ್ಲವನ್ನು ಹೊರಬಿಡಬಹುದು ಎಂದು ತಾನಾಗಿಯೇ ಗೊತ್ತಾಗುತ್ತದೆ. ವಿಜ್ಞಾನಿಗಳು ಇದನ್ನು ಇಂಗಾಲದ ಬಜೆಟ್ ಎಂದು ಕರೆಯುತ್ತಾರೆ. ಒಂದೇ ವ್ಯತ್ಯಾಸವೆಂದರೆ, ಈ ಕಣಜಕ್ಕೆ ಮುಂದಿನ ಸುಗ್ಗಿ ಎಂಬುದಿಲ್ಲ.

ಈ ಕಣಜದ ಲೆಕ್ಕವನ್ನು ತಿದ್ದಿ ಸರಿಪಡಿಸುವುದರಲ್ಲಿ ತೊಡಗಿರುವವರಲ್ಲಿ ಬೆಲ್ಜಿಯಂ ದೇಶದ ಯೂರಿ ರೋಗೆಲ್ ಪ್ರಮುಖರು. ಎಂಜಿನಿಯರಿಂಗ್ ಓದಿ, ಆಫ್ರಿಕದ ರುವಾಂಡಾದಲ್ಲಿ ಗ್ರಾಮಾಭಿವೃದ್ಧಿಯ ಕೆಲಸ ಮಾಡಿ, ಅನಂತರ ಜ್ಯೂರಿಕ್ ನಗರದಲ್ಲಿ ಸಂಶೋಧನೆ ನಡೆಸಿದವರು; ಈಗ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. 2009ರಲ್ಲಿ ಕೋಪನ್‌ಹೇಗನ್ ಸಮ್ಮೇಳನದಲ್ಲಿ ರಾಷ್ಟ್ರಗಳು ಮಾಡಿದ ವಾಗ್ದಾನಗಳನ್ನು ಅವರೂ ಅವರ ಸಹೋದ್ಯೋಗಿಗಳೂ ಮರುವರ್ಷವೇ ಕೂಡಿ ನೋಡಿದರು. ಅವಷ್ಟೇ ಆದರೆ 2100ರ ವೇಳೆಗೆ ಏರಿಕೆ 3 ಡಿಗ್ರಿಯನ್ನು ಮೀರುವ ಸಂಭವವೇ ಹೆಚ್ಚು ಎಂದು ಕಂಡಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗಿಡಬೇಕು, ಸಾಧ್ಯವಾದರೆ 1.5ರಲ್ಲಿ ನಿಲ್ಲಿಸಲು ಶ್ರಮಿಸಬೇಕು ಎಂದು ಎಲ್ಲರೂ ಒಪ್ಪಿದರು. ಆಗ ಕೊಟ್ಟ ಮಾತುಗಳನ್ನೂ ರೋಗೆಲ್ ತಂಡದವರು ಕೂಡಿದರು, ಮೊತ್ತ 2.6ರಿಂದ 3.1 ಡಿಗ್ರಿ ಬಂದಿತು. ಗುರಿ ಒಂದು, ಹಿಡಿದ ದಾರಿ ಇನ್ನೊಂದು ಎಂಬುದನ್ನು ಅಂಕಿಗಳೇ ಹೇಳಿದವು.

ಹಾಗಾದರೆ ಗುರಿಗೆ ಒಯ್ಯುವ ದಾರಿ ಯಾವುದು? ಹವಾಮಾನ ಮಂಡಳಿಯು 2018ರಲ್ಲಿ ಪ್ರಕಟಿಸಿದ 1.5 ಡಿಗ್ರಿಯ ವಿಶೇಷ ವರದಿಯಲ್ಲಿ ಇಂಥ ದಾರಿಗಳನ್ನು ಕುರಿತ ಅಧ್ಯಾಯದ ಮುಖ್ಯ ಸಂಯೋಜಕರಲ್ಲಿ ರೋಗೆಲ್ ಒಬ್ಬರು. ಇಂಗಾಲಾಮ್ಲದ ಹೊರಸೂಸುವಿಕೆ 2010ರ ಮಟ್ಟಕ್ಕಿಂತ 2030ರ ಹೊತ್ತಿಗೆ ಶೇಕಡಾ 45ರಷ್ಟು ಇಳಿದು, 2050ರ ಸುಮಾರಿಗೆ ನಿವ್ವಳ ಸೊನ್ನೆಗೆ ಬರಬೇಕೆಂದು ಆ ವರದಿ ಹೇಳಿತು. ನಿವ್ವಳ ಸೊನ್ನೆ ಎಂದರೆ ಹೊರಬಿಟ್ಟಷ್ಟನ್ನೂ ಮರಳಿ ತೆಗೆಯುವುದು. ಆಯವೂ ವ್ಯಯವೂ ಸಮನಾಗುವುದು.

ಈ ಅಂಕಿಗಳನ್ನು ಸುಮ್ಮನೆ ನಂಬಬೇಕಾಗಿಲ್ಲ. ಪ್ರೌಢಶಾಲೆಯ ಗಣಿತದಿಂದಲೇ ಅವುಗಳ ಹತ್ತಿರಕ್ಕೆ ಹೋಗಬಹುದು. 1850ರಿಂದ 2019ರವರೆಗೆ ಮನುಷ್ಯರು ಹೊರಬಿಟ್ಟ ಇಂಗಾಲಾಮ್ಲ ಸುಮಾರು 2.4 ಲಕ್ಷ ಕೋಟಿ ಟನ್. ಆ ವೇಳೆಗೆ ಆದ ಏರಿಕೆ ಸುಮಾರು 1.07 ಡಿಗ್ರಿ. 1.5ಕ್ಕೆ ಉಳಿದುದು 0.43. ಇದರಲ್ಲಿ ಮೀಥೇನ್ ಮೊದಲಾದ ಬೇರೆ ವಾಯುಗಳ ಪಾಲನ್ನು ತೆಗೆದಿಟ್ಟು ಲೆಕ್ಕಹಾಕಿದರೆ, 2020ರ ಆರಂಭಕ್ಕೆ ಕಣಜದಲ್ಲಿ ಇದ್ದುದು 50,000 ಕೋಟಿ ಟನ್. ಅದೂ ಗುರಿ ಮುಟ್ಟುವ ಸಂಭವ ಅರ್ಧಕ್ಕರ್ಧ ಎಂದಿಟ್ಟುಕೊಂಡರೆ. ಜಗತ್ತಿನ ವಾರ್ಷಿಕ ಖರ್ಚು ಸುಮಾರು 4,000 ಕೋಟಿ ಟನ್. ಹೀಗೆಯೇ ಖರ್ಚುಮಾಡಿದರೆ ಹನ್ನೆರಡೂವರೆ ವರ್ಷಕ್ಕೆ ಕಣಜ ಬರಿದು.

ಖರ್ಚನ್ನು 2020ರಿಂದಲೇ ಒಂದೇ ಸಮನಾಗಿ ಇಳಿಸುತ್ತ ಬಂದಿದ್ದರೆ? ಕಾಗದದ ಮೇಲೆ ಗೆರೆ ಎಳೆದರೆ ಒಂದು ತ್ರಿಕೋಣವಾಗುತ್ತದೆ. ಅದರ ಎತ್ತರ 4,000, ಕ್ಷೇತ್ರಫಲ 50,000. ಹಾಗಾದರೆ ಪಾದ 25 ವರ್ಷ, 2045ಕ್ಕೆ ಸೊನ್ನೆ. ಐದು ವರ್ಷ ತಡಮಾಡಿ 2025ರಲ್ಲಿ ಇಳಿಸಲು ತೊಡಗಿದರೆ? ಅಷ್ಟರಲ್ಲಿ 20,000 ಕೋಟಿ ಹೋಗಿ 30,000 ಉಳಿಯುತ್ತದೆ, ಪಾದ 15 ವರ್ಷ, 2040ಕ್ಕೇ ಸೊನ್ನೆಯಾಗಬೇಕು! ಎಂದರೆ ಒಂದು ವರ್ಷ ತಡಮಾಡಿದರೆ ಕೈಯಲ್ಲಿರುವ ಕಾಲಾವಧಿಯಲ್ಲಿ ಎರಡು ವರ್ಷ ಕಡಮೆಯಾಗುತ್ತದೆ. ಬಡ್ಡಿಸಾಲ ಕಂಡ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಜ ಪ್ರಪಂಚದಲ್ಲಿ ಆದುದು ಈ ಎರಡನೆಯದೇ. ಆಮೇಲಿನ ಪರಿಷ್ಕೃತ ಗಣನೆಗಳು ಕಣಜದಲ್ಲಿರುವುದು ಇನ್ನೂ ಕಡಮೆ ಎಂದೇ ಹೇಳಿವೆ.

2024ನೆಯ ವರ್ಷದ ಸರಾಸರಿ ಏರಿಕೆ ಸುಮಾರು 1.55 ಡಿಗ್ರಿ ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಒಂದು ವರ್ಷ ಮೀರಿದ ಮಾತ್ರಕ್ಕೆ ಮಿತಿಯೇ ಮುರಿಯಿತೆಂದಲ್ಲ. ಅನೇಕ ವರ್ಷಗಳ ಸರಾಸರಿಯನ್ನು ನೋಡಬೇಕು. ಆದರೂ ಎಚ್ಚರಿಕೆ ಸ್ಪಷ್ಟವಾಗಿದೆ. "ಮೀರಿದರೆ ಮೀರಲಿ, ಮುಂದೆ ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿ ತೆಗೆದು ಉಷ್ಣತೆಯನ್ನು ಇಳಿಸೋಣ" ಎನ್ನುವವರೂ ಇದ್ದಾರೆ. ಹಾಗೆ ಇಳಿಸಿದರೂ ಏರಿದ ಕಡಲು ಶತಮಾನಗಳವರೆಗೆ ಇಳಿಯುವುದಿಲ್ಲವೆಂದೂ, ಅಂಥ ಭರವಸೆ ಅತಿಯಾದುದೆಂದೂ ರೋಗೆಲ್ ಮತ್ತು ಸಂಗಡಿಗರು 2024ರ ಪ್ರಬಂಧದಲ್ಲಿ ತೋರಿಸಿದ್ದಾರೆ. ಹಾಗೆಂದು 1.5 ಕೈತಪ್ಪಿದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲುವುದೂ ತಪ್ಪು. 1.5 ಡಿಗ್ರಿಗೆ ಜಗತ್ತಿನ ಹವಳದ ದಿಬ್ಬಗಳಲ್ಲಿ ಶೇಕಡಾ 70ರಿಂದ 90 ನಾಶವಾದರೆ, 2 ಡಿಗ್ರಿಗೆ 99ಕ್ಕೂ ಹೆಚ್ಚು ನಾಶವಾಗುವುದೆಂದು ಅಂದಾಜು. ಡಿಗ್ರಿಯ ಹತ್ತನೆಯ ಒಂದು ಪಾಲಿಗೂ ಬೆಲೆಯುಂಟು.

ಇನ್ನು ಕೊನೆಯ ಪ್ರಶ್ನೆ: ಕಣಜವನ್ನು ಬರಿದುಮಾಡಿದವರು ಯಾರು? ಅಮೆರಿಕದಲ್ಲಿ ಒಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲಾಮ್ಲ. ಭಾರತದಲ್ಲಿ ಸುಮಾರು 2 ಟನ್. ಮೊದಲ ಪಂಕ್ತಿಯಲ್ಲಿ ಉಂಡವರು, ಎರಡನೆಯ ಪಂಕ್ತಿಗೆ ಕುಳಿತವರನ್ನು ಮಿತವಾಗಿ ಉಣ್ಣಿರೆಂದರೆ ಯಾರಿಗೆ ತಾನೆ ಹಿತವಾದೀತು? ನಮ್ಮ ಮನೆಗೆ ವಿದ್ಯುದ್ದೀಪ ಬಂದುದು ತಂದೆಯವರು ದೊಡ್ಡವರಾದ ಮೇಲೆ. ಆ ದೀಪದ ಕೆಳಗೆ ಓದಿಯೇ ನಾನು ಇಲ್ಲಿಯವರೆಗೆ ಬಂದೆ. ಅದನ್ನು ಆರಿಸಿರೆಂದರೆ ನಾನು ಒಪ್ಪಲಾರೆ. ಸೊನ್ನೆಯ ಗುರಿ ಹೇಳಿಕೊಳ್ಳುವ ದೇಶವು ಅದರ ವ್ಯಾಪ್ತಿಯನ್ನೂ ದಾರಿಯನ್ನೂ ಹೇಳಬೇಕು, ಅದು ಹೇಗೆ ನ್ಯಾಯವಾದುದೆಂಬುದನ್ನೂ ಹೇಳಬೇಕು ಎಂದು ರೋಗೆಲ್ ಮತ್ತು ಸಂಗಡಿಗರು 2021ರಲ್ಲಿ ಬರೆದುದು ಈ ಕಾರಣದಿಂದಲೇ. ಅದೇ ವರ್ಷ ಗ್ಲಾಸ್ಗೋದಲ್ಲಿ ಭಾರತವು 2070ನ್ನು ತನ್ನ ಗುರಿಯಾಗಿ ಸಾರಿತು.

ಆದರೆ ದೀಪ ಬೇಡವೆನ್ನುವುದು ಬೇರೆ, ದೀಪಕ್ಕೆ ಕಲ್ಲಿದ್ದಲೇ ಬೇಕೆನ್ನುವುದು ಬೇರೆ. ನಮ್ಮ ಪಾವಗಡದ ಬರದ ನೆಲದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರ ನಿಂತಿದೆ. ಸುಡುವ ಬಿಸಿಲೇ ಅಲ್ಲಿ ಬೆಳಕಾಗುತ್ತಿದೆ.

ತಂದೆಯವರ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. ಕೊನೆ ಇದೆ. ಇಂಗಾಲಾಮ್ಲದ ಹೊರಸೂಸುವಿಕೆ ನಿವ್ವಳ ಸೊನ್ನೆಗೆ ಬಂದರೆ ಅದರಿಂದಾಗುವ ಏರಿಕೆ ಹೆಚ್ಚುಕಡಮೆ ಅಲ್ಲಿಗೆ ನಿಲ್ಲುತ್ತದೆಂದು ಇಂದಿನ ಸಂಶೋಧನೆ ಹೇಳುತ್ತದೆ. ಅದು ಎಷ್ಟು ಡಿಗ್ರಿಗೆ ನಿಲ್ಲಬೇಕೆಂಬುದು ಗ್ರಹಗತಿಯಲ್ಲಿ ಬರೆದಿಲ್ಲ, ಖರ್ಚುಮಾಡುವವರ ಕೈಯಲ್ಲಿದೆ. 2050ರಲ್ಲಿ ನಮ್ಮ ತರಗತಿಯವರಿಗೆಲ್ಲ ನಲವತ್ತೈದು ವರ್ಷದ ಆಸುಪಾಸು. ಅಂದು ನಮ್ಮ ಮಕ್ಕಳು ಕಣಜದ ಲೆಕ್ಕ ಕೇಳಿದಾಗ, ನಮಗೆ ತಿಳಿದಿರಲಿಲ್ಲ ಎಂದು ಹೇಳುವಂತಿಲ್ಲ.