ದೂರಸಂಪರ್ಕದ ನೆಲೆಗಟ್ಟು

ದೂರದ ಊರಿನಲ್ಲಿರುವ ಬಂಧುವಿನ ದನಿಯು ಕಿವಿಯ ಬಳಿಯಲ್ಲಿಯೇ ಕೇಳಿಸಿದಾಗ ನಾವು ಆ ಮಾತನ್ನು ಕೇಳುತ್ತೇವೆಯೇ ಹೊರತು, ಅದನ್ನು ಹೊತ್ತು ತಂದ ಸಾಧನಗಳನ್ನು ನೆನೆಯುವುದಿಲ್ಲ. 1876ರ ಮಾರ್ಚ್ 10ರಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಪಕ್ಕದ ಕೋಣೆಯಲ್ಲಿದ್ದ ತನ್ನ ಸಹಾಯಕನನ್ನು ತಂತಿಯ ಮೂಲಕ ಕರೆದನು. ಆರು ವರ್ಷಗಳು ತುಂಬುವ ಮೊದಲೇ, 1882ರಲ್ಲಿ, ಕಲ್ಕತ್ತ, ಮದರಾಸು ಮತ್ತು ಮುಂಬಯಿ ನಗರಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದವು. ಅಂದಿನಿಂದ ಇಂದಿನವರೆಗೆ ಯಂತ್ರಗಳ ರೂಪವು ಬದಲಾಗುತ್ತ ಬಂದಿದೆ. ತಾಮ್ರದ ತಂತಿಯಿದ್ದ ಎಡೆಗೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆ ಬಂದಿದೆ. ಆದರೆ ಒಂದು ಸಂಗತಿ ಮಾತ್ರ ಬದಲಾಗಿಲ್ಲ. ಯಂತ್ರವು ಎಷ್ಟೇ ಉತ್ತಮವಾಗಿರಲಿ, ಅದು ನಿಲ್ಲುವ ನೆಲ, ಅದಕ್ಕೆ ದೊರೆಯುವ ವಿದ್ಯುತ್ತು, ಅದರ ಸುತ್ತಣ ಗಾಳಿ, ಅದರ ಭೂಸಂಪರ್ಕ ಇವು ಸರಿಯಾಗಿಲ್ಲದಿದ್ದರೆ ಬೇಕಾದ ಗಳಿಗೆಯಲ್ಲಿಯೇ ಅದು ಮೂಕವಾಗುತ್ತದೆ.

ವಿನಿಮಯ ಕೇಂದ್ರದಲ್ಲಿ ಯಂತ್ರಗಳಿಗೆಂದೇ ಕಟ್ಟಿದ ಕಟ್ಟಡವಿರುತ್ತದೆ. ಅವುಗಳನ್ನು ನೋಡಿಕೊಳ್ಳುವ ತಜ್ಞರೂ ಇರುತ್ತಾರೆ. ಗ್ರಾಹಕನ ಕಟ್ಟಡದಲ್ಲಿ ಈ ಅನುಕೂಲಗಳಿರುವುದಿಲ್ಲ. ಆಸ್ಪತ್ರೆ, ಬ್ಯಾಂಕು, ಶಾಲೆಗಳು ತಮ್ಮ ತಮ್ಮ ಕೆಲಸಕ್ಕಾಗಿ ಕಟ್ಟಿದಂಥವು. ದೂರಸಂಪರ್ಕದ ಉಪಕರಣವು ಅಲ್ಲಿಗೆ ಅತಿಥಿಯಾಗಿ ಬರುತ್ತದೆ. ಅತಿಥಿಯು ಬರುವ ಮುನ್ನವೇ ಮನೆಯನ್ನು ಅಣಿಗೊಳಿಸುವಂತೆ ಇಲ್ಲಿಯೂ ಸಿದ್ಧತೆಯು ಮೊದಲೇ ಆಗಬೇಕು. ಮಲೆನಾಡಿನ ಒಂದು ಊರಿನಲ್ಲಿ ಐವತ್ತು ಹಾಸಿಗೆಗಳ ಆಸ್ಪತ್ರೆಯೊಂದಿದೆ ಎಂದು ಭಾವಿಸೋಣ. ಅಲ್ಲಿ ದೂರವಾಣಿ ಮತ್ತು ಗಣಕಯಂತ್ರಗಳ ಸಂಪರ್ಕವನ್ನು ಹೇಗೆ ಏರ್ಪಡಿಸಬೇಕೆಂಬುದನ್ನು ನೋಡೋಣ.

ಮೊದಲ ಕೆಲಸವು ಸ್ಥಳ ಪರಿಶೀಲನೆ. ಬೇರೆ ಯಾವುದಕ್ಕೂ ಒದಗದ ಮೂಲೆಯನ್ನು ಯಂತ್ರಕ್ಕೆ ಬಿಟ್ಟುಕೊಡುವುದು ಹಲವೆಡೆಯ ರೂಢಿ. ಮೆಟ್ಟಿಲಿನ ಕೆಳಗಿನ ಕತ್ತಲೆಯ ಗೂಡು, ಸ್ನಾನಗೃಹದ ಕೆಳಗಿನ ಕೋಣೆ, ಮಳೆಗಾಲದಲ್ಲಿ ನೀರು ನುಗ್ಗುವ ನೆಲಮಾಳಿಗೆ ಇವು ಯಾವುವೂ ಇದಕ್ಕೆ ತಕ್ಕವಲ್ಲ. ಕೋಣೆಯು ಒಣಗಿರಬೇಕು, ಧೂಳಿಲ್ಲದಿರಬೇಕು, ಅದಕ್ಕೆ ಬೀಗವಿರಬೇಕು. ಉಪಕರಣಗಳನ್ನು ಜೋಡಿಸುವ ಚೌಕಟ್ಟಿನ ಮುಂಭಾಗದ ಅಗಲವು 482.6 ಮಿಲಿಮೀಟರು ಮಾತ್ರ. ಆದರೆ ಅದರ ಹಿಂದೆಯೂ ಮುಂದೆಯೂ ಮನುಷ್ಯನೊಬ್ಬನು ನಿಂತು, ಬಗ್ಗಿ ಕೆಲಸ ಮಾಡುವಷ್ಟು ಜಾಗವಿರಬೇಕು. ಇಕ್ಕಟ್ಟಿನಲ್ಲಿ ಕೆಲಸ ಮಾಡುವವನ ಮೊಣಕೈ ಯಾವ ತಂತಿಗೆ ತಾಗುವುದೆಂದು ಹೇಳಲಾಗದು.

ಎರಡನೆಯದು ವಿದ್ಯುತ್ತು. ಇಂಥ ಉಪಕರಣಗಳು ಬಹುಮಟ್ಟಿಗೆ 48 ವೋಲ್ಟಿನ ನೇರ ವಿದ್ಯುತ್ತಿನಿಂದ ನಡೆಯುತ್ತವೆ. ಅದರ ಧನ ಧ್ರುವವನ್ನು ಭೂಮಿಗೆ ಸೇರಿಸುವುದು ಹಳೆಯ ಸಂಪ್ರದಾಯ; ಹಾಗೆ ಮಾಡಿದರೆ ಒದ್ದೆ ನೆಲದಲ್ಲಿ ಹೂತ ತಾಮ್ರದ ತಂತಿಯು ಬೇಗನೆ ಸವೆಯುವುದಿಲ್ಲ. ಊರಿನ ವಿದ್ಯುತ್ತು ನಿಂತಾಗ ಬ್ಯಾಟರಿಗಳು ಉಪಕರಣವನ್ನು ನಡೆಸಬೇಕು. ಅವು ಎಷ್ಟು ಹೊತ್ತು ನಡೆಸಬಲ್ಲವು? ಲೆಕ್ಕವು ಸುಲಭ. ಉಪಕರಣಗಳಿಗೆಲ್ಲ ಸೇರಿ 480 ವ್ಯಾಟ್ ಬೇಕಾದರೆ 48 ವೋಲ್ಟಿನಲ್ಲಿ ಹರಿಯುವ ಪ್ರವಾಹವು 10 ಆಂಪಿಯರ್. ನೂರು ಆಂಪಿಯರ್-ಗಂಟೆಯ ಬ್ಯಾಟರಿಗಳ ಸಾಲು ಕಾಗದದ ಮೇಲೆ ಹತ್ತು ಗಂಟೆ ಬಾಳುತ್ತದೆ. ಆದರೆ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಅದು ಕೆಡುತ್ತದೆ; ವರ್ಷಗಳು ಕಳೆದಂತೆ ಅದರ ಶಕ್ತಿಯೂ ಕುಂದುತ್ತದೆ. ಈ ಎರಡಕ್ಕೂ ಐದರಲ್ಲೊಂದು ಪಾಲಿನಂತೆ ಕಳೆದರೆ ಆರು ಗಂಟೆಗಳ ಆಸರೆ ಮಾತ್ರ ಉಳಿಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಇಡೀ ರಾತ್ರಿ ವಿದ್ಯುತ್ತಿಲ್ಲದಿರುವ ಊರಿಗೆ ಅದು ಸಾಲದು. ಇದನ್ನು ಕೊಳ್ಳುವ ಮೊದಲೇ ತಿಳಿಯಬೇಕು. ಕತ್ತಲಾದ ಮೇಲೆ ತಿಳಿದು ಪ್ರಯೋಜನವಿಲ್ಲ.

ಅಂತಹ ಸಾಲಿನಲ್ಲಿ 12 ವೋಲ್ಟಿನ ನಾಲ್ಕು ಬ್ಯಾಟರಿಗಳಿರುತ್ತವೆ. ಒಂದೊಂದೂ ಸುಮಾರು 30 ಕಿಲೋಗ್ರಾಂ ತೂಗುತ್ತದೆ. ಆದುದರಿಂದ ನೆಲವು ಆ ಭಾರವನ್ನು ಹೊರಬಲ್ಲುದೇ ಎಂದು ನೋಡಬೇಕು. ಸೀಸ ಮತ್ತು ಆಮ್ಲದಿಂದಾದ ಬ್ಯಾಟರಿಯು ವಿದ್ಯುತ್ತನ್ನು ತುಂಬಿಕೊಳ್ಳುವಾಗ ಜಲಜನಕವನ್ನು ಬಿಡುವುದುಂಟು. ಗಾಳಿಯಲ್ಲಿ ಜಲಜನಕದ ಪ್ರಮಾಣವು ನೂರಕ್ಕೆ ನಾಲ್ಕನ್ನು ಮುಟ್ಟಿದರೆ ಒಂದು ಕಿಡಿಯೂ ಅದನ್ನು ಹೊತ್ತಿಸಬಲ್ಲದು. ಆದುದರಿಂದ ಗಾಳಿಯ ಸಂಚಾರವು ಅಲ್ಲಿ ಅನುಕೂಲದ ಮಾತಲ್ಲ, ಪ್ರಾಣರಕ್ಷಣೆಯ ಮಾತು.

ಗಾಳಿಯು ಇನ್ನೊಂದು ಕಾರಣಕ್ಕೂ ಬೇಕು. ಉಪಕರಣವು ಬಳಸಿಕೊಂಡ ವಿದ್ಯುತ್ತೆಲ್ಲ ಬಹುಮಟ್ಟಿಗೆ ಕೊನೆಗೆ ಶಾಖವಾಗುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಅದು ಹಗಲಿರುಳೂ ಉರಿಯುವ ಸಣ್ಣ ಒಲೆಯಂತೆ. ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮ ದೇಶದ ತಂತ್ರಜ್ಞರು ಈ ಸಮಸ್ಯೆಯನ್ನು ಬಹಳ ಹಿಂದೆಯೇ ಎದುರಿಸಿದರು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರ ಜುಲೈ ತಿಂಗಳಿನಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಹಳ್ಳಿಯ ಬಿಸಿಲು ಧೂಳುಗಳ ನಡುವೆ, ಹವಾನಿಯಂತ್ರಣವಿಲ್ಲದೆ ನಡೆಯುವಂತೆ ಅದನ್ನು ಯೋಜಿಸಲಾಗಿತ್ತು. ಸ್ಥಳವನ್ನು ಅರಿತು ಯಂತ್ರವನ್ನು ರೂಪಿಸಬೇಕು ಎಂಬ ಪಾಠವು ಅದರಲ್ಲಿದೆ.

ಮೂರನೆಯದು ಭೂಸಂಪರ್ಕ. ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಳೆಯನ್ನು ನೀವು ಕಂಡಿದ್ದೀರಿ. ಸಿಡಿಲು ಕಟ್ಟಡಕ್ಕೇ ಎರಗಬೇಕೆಂದಿಲ್ಲ; ದೂರದಲ್ಲಿ ಬಿದ್ದರೂ ಅದರ ಆಘಾತವು ತಂತಿಯ ಹಾದಿ ಹಿಡಿದು ಒಳಗೆ ಬರಬಲ್ಲದು. ಆ ಪ್ರವಾಹವನ್ನು ಉಪಕರಣದ ಹೊರಗೇ ಹಿಡಿದು ಭೂಮಿಗೆ ಇಳಿಸುವುದಕ್ಕಾಗಿ ರಕ್ಷಕಗಳನ್ನು ಅಳವಡಿಸುತ್ತಾರೆ. ಇಲ್ಲಿ ಒಂದು ತಪ್ಪು ಸುಲಭವಾಗಿ ನಡೆಯುತ್ತದೆ. ವಿದ್ಯುತ್ತಿಗೆ ಒಂದು ಭೂಸಂಪರ್ಕ, ದೂರವಾಣಿಗೆ ಇನ್ನೊಂದು, ಎರಡಕ್ಕೂ ನಂಟಿಲ್ಲ. ಹೀಗಿದ್ದರೆ ಹೆಚ್ಚು ಕ್ಷೇಮವೆಂದು ತೋರಬಹುದು. ಆದರೆ ಸಿಡಿಲಿನ ಕ್ಷಣದಲ್ಲಿ ಈ ಎರಡರ ನಡುವೆ ಸಾವಿರಾರು ವೋಲ್ಟುಗಳ ಅಂತರವೇಳಬಹುದು. ಆಗ ಎರಡಕ್ಕೂ ತಗುಲಿಕೊಂಡ ಉಪಕರಣದ ಗತಿಯು ಎರಡು ದೋಣಿಯ ಮೇಲೆ ಕಾಲಿಟ್ಟವನ ಗತಿಯಾಗುತ್ತದೆ. ದಪ್ಪನೆಯ ತಾಮ್ರದ ಪಟ್ಟಿಯಿಂದ ಎರಡನ್ನೂ ಒಂದಾಗಿ ಬೆಸೆದರೆ ಅವು ಕೂಡಿಯೇ ಏರುತ್ತವೆ, ಕೂಡಿಯೇ ಇಳಿಯುತ್ತವೆ. ನಡುವಿನ ಉಪಕರಣವೂ ಅದನ್ನು ಮುಟ್ಟಿದ ಮನುಷ್ಯನೂ ಉಳಿಯುತ್ತಾರೆ.

ನಾಲ್ಕನೆಯದು ತಂತಿಗಳ ಹಾದಿ. ವಿದ್ಯುತ್ ತಂತಿಯನ್ನೂ ಸಂದೇಶದ ತಂತಿಯನ್ನೂ ಒಂದೇ ಕೊಳವೆಯಲ್ಲಿ ಎಳೆಯಬಾರದು. ಗಣಕಯಂತ್ರದ ತಾಮ್ರದ ತಂತಿಯು ಸಾಮಾನ್ಯವಾಗಿ ನೂರು ಮೀಟರನ್ನು ಮೀರಬಾರದು. ಗಾಜಿನ ಎಳೆಯನ್ನು ಚೂಪಾಗಿ ಮಡಿಸಿದರೆ ಬೆಳಕು ಹೊರಸೋರಿ ಸಂದೇಶವು ಕುಗ್ಗುತ್ತದೆ. ಪ್ರತಿಯೊಂದು ತಂತಿಯ ಎರಡು ತುದಿಗಳಿಗೂ ಗುರುತಿನ ಚೀಟಿಯಿರಬೇಕು. ಇಂದು ಕಟ್ಟಿದವನು ನಾಳೆ ಅಲ್ಲಿರುವುದಿಲ್ಲ. ಚೀಟಿಯು ಅವನ ಪರವಾಗಿ ಮಾತನಾಡುತ್ತದೆ.

ಇಷ್ಟಾದ ಮೇಲೆ ಅಳವಡಿಸುವ ಕೆಲಸ. ಮೊದಲು ಭೂಸಂಪರ್ಕ, ಬಳಿಕ ವಿದ್ಯುತ್ತು ಎಂಬುದು ಇಲ್ಲಿನ ಕ್ರಮ. ಬಿಚ್ಚುವಾಗ ಈ ಕ್ರಮವು ತಿರುಗುಮುರುಗಾಗುತ್ತದೆ. ವಿದ್ಯುತ್ತನ್ನು ನಿಲ್ಲಿಸಿದವನು ಗುಂಡಿಗೆ ಬೀಗ ಹಾಕಿ, ಎಚ್ಚರಿಕೆಯ ಫಲಕವನ್ನು ತೂಗಿಸಿ, ವಿದ್ಯುತ್ತಿಲ್ಲವೆಂದು ಅಳೆದು ನೋಡಿಯೇ ಕೈಹಾಕಬೇಕು. ಬ್ಯಾಟರಿಯ ವೋಲ್ಟೇಜು ಕಡಿಮೆಯೆಂದು ಅಲಕ್ಷ್ಯ ಸಲ್ಲದು. ಅದರ ಎರಡು ಧ್ರುವಗಳ ಮೇಲೆ ಬಿದ್ದ ಲೋಹದ ಉಪಕರಣವು ಕ್ಷಣದಲ್ಲಿ ಕೆಂಪಗೆ ಕಾಯಬಹುದು. ಬೆರಳಿನ ಉಂಗುರಕ್ಕೂ ಅದೇ ಗತಿ. ಉಂಗುರ, ಬಳೆ, ಕೈಗಡಿಯಾರಗಳನ್ನು ಕಳಚಿಟ್ಟು, ಹಿಡಿಗೆ ಅವಾಹಕದ ಹೊದಿಕೆಯಿರುವ ಉಪಕರಣಗಳನ್ನೇ ಬಳಸಬೇಕು. ಗಾಜಿನ ಎಳೆಯ ತುದಿಯನ್ನು ಕಣ್ಣಿಟ್ಟು ನೋಡಬಾರದು. ಅದರಲ್ಲಿ ಹರಿಯುವ ಅವಕೆಂಪು ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣನ್ನು ಕೆಡಿಸಬಲ್ಲದು. ಎಳೆಯ ತುಂಡುಗಳು ಚರ್ಮಕ್ಕೆ ಚುಚ್ಚಿಕೊಳ್ಳುವುದರಿಂದ ಅವುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಕೂಡಿಹಾಕಬೇಕು.

ಕೊನೆಯದು ಪರೀಕ್ಷೆ. ಎಲ್ಲ ದೀಪಗಳೂ ಹಸಿರಾಗಿ ಬೆಳಗಿದವೆಂದು ಕೆಲಸ ಮುಗಿಯಲಿಲ್ಲ. ಆಸ್ಪತ್ರೆಯವರಿಗೆ ಮುಂಚಿತವಾಗಿ ತಿಳಿಸಿ, ಹಗಲಿನ ಹೊತ್ತಿನಲ್ಲಿ ಈ ಕೋಣೆಗೆ ಬರುವ ವಿದ್ಯುತ್ತನ್ನು ಬೇಕೆಂದೇ ನಿಲ್ಲಿಸಿ, ಬ್ಯಾಟರಿಗಳು ಭಾರವನ್ನು ಹೊರುವುದನ್ನು ಕಣ್ಣಾರೆ ಕಾಣಬೇಕು. ತಂತಿಗಳ ನಕ್ಷೆಯನ್ನೂ ಅಳತೆಗಳನ್ನೂ ಬರೆದು ಅಲ್ಲಿಯೇ ಇಡಬೇಕು.

ಈಗ ಆ ಆಸ್ಪತ್ರೆಯ ಒಂದು ರಾತ್ರಿಯನ್ನು ಕಲ್ಪಿಸಿಕೊಳ್ಳಿರಿ. ಹೊರಗೆ ಸಿಡಿಲು, ಮಳೆ, ಊರೆಲ್ಲ ಕತ್ತಲು. ಹೆರಿಗೆಯ ಕೋಣೆಯಲ್ಲಿ ತಾಯಿಯೊಬ್ಬಳಿಗೆ ರಕ್ತಸ್ರಾವವಾಗುತ್ತಿದೆ. ದಾದಿಯು ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕರೆಯಲು ದೂರವಾಣಿಯನ್ನು ಕೈಗೆತ್ತಿಕೊಳ್ಳುತ್ತಾಳೆ. ಆ ಗಳಿಗೆಯಲ್ಲಿ ಭೂಸಂಪರ್ಕದ ಪಟ್ಟಿಯನ್ನಾಗಲಿ, ಬ್ಯಾಟರಿಯ ಲೆಕ್ಕವನ್ನಾಗಲಿ ಅವಳು ನೆನೆಯುವುದಿಲ್ಲ, ನೆನೆಯಬೇಕಾಗಿಯೂ ಇಲ್ಲ. ಅದನ್ನು ನೆನೆಯಬೇಕಾದವರು ತಿಂಗಳುಗಳ ಹಿಂದೆಯೇ ನೆನೆದಿದ್ದರೆ ಅತ್ತ ಕಡೆಯಿಂದ ಉತ್ತರವು ಬರುತ್ತದೆ.