ಓಲೆಗರಿಯ ಗ್ರಂಥಪಾಲ: ರುದ್ರಪಟ್ಟಣದ ಶಾಮಶಾಸ್ತ್ರಿ

ಮಠಗಳಲ್ಲಿ, ಪಂಡಿತರ ಮನೆಗಳಲ್ಲಿ ಚದುರಿಹೋಗಿದ್ದ ಹಸ್ತಪ್ರತಿಗಳನ್ನು ಕೂಡಿಸಿ, ಪಟ್ಟಿಮಾಡಿ, ಅಚ್ಚಿಗೆ ಸಿದ್ಧಪಡಿಸಲೆಂದು 1891ರಲ್ಲಿ ಮೈಸೂರಿನಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಯು 1916ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು. ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದೇ. ಅದರ ಹೆಸರು ದೇಶದಾಚೆಗೂ ಕೇಳಿಬರುವಂತೆ ಮಾಡಿದವರು, ಕಾವೇರಿ ದಡದ ರುದ್ರಪಟ್ಟಣದಲ್ಲಿ 1868ರಲ್ಲಿ ಹುಟ್ಟಿ, ಸಂಸ್ಕೃತ ಶಾಸ್ತ್ರಗಳಲ್ಲಿ ಪಾಂಡಿತ್ಯ ಗಳಿಸಿ, ಈ ಲೈಬ್ರರಿಯಲ್ಲಿ ಗ್ರಂಥಪಾಲರಾದ ಆರ್. ಶಾಮಶಾಸ್ತ್ರಿಗಳು. ಸಂಗೀತಗಾರರ ಊರೆಂದು ಹೆಸರಾದ ರುದ್ರಪಟ್ಟಣವು ಈ ವಿದ್ವಾಂಸರಿಗಾಗಿಯೂ ಅಷ್ಟೇ ನೆನಪಿನಲ್ಲಿ ಉಳಿಯತಕ್ಕದ್ದು.

ತಂಜಾವೂರು ಸೀಮೆಯ ಪಂಡಿತರೊಬ್ಬರು ಲೈಬ್ರರಿಗೆ ಒಪ್ಪಿಸಿದ ಓಲೆಕಟ್ಟೊಂದನ್ನು ಓದುತ್ತ ಹೋದ ಶಾಸ್ತ್ರಿಗಳು, ಅದು ದಂಡಿ, ಬಾಣ ಮೊದಲಾದವರ ಉಲ್ಲೇಖಗಳಿಂದಷ್ಟೇ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು. ಪ್ರತಿ ಇದ್ದದ್ದು ಗ್ರಂಥ ಲಿಪಿಯಲ್ಲಿ, ಅಂದರೆ ತಮಿಳು ನಾಡಿನಲ್ಲಿ ಸಂಸ್ಕೃತ ಬರೆಯಲು ಬಳಕೆಯಲ್ಲಿದ್ದ ಲಿಪಿಯಲ್ಲಿ. ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕೂ ಇತ್ತು.

ಓಲೆಗರಿಯ ಮೇಲೆ ಕಂಟದಿಂದ, ಎಂದರೆ ಮೊನಚಾದ ಕಬ್ಬಿಣದ ಕಡ್ಡಿಯಿಂದ, ಕೊರೆದ ಅಕ್ಷರಗಳು ಮಸಿ ಸವರಿದ ಮೇಲಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಪದಗಳ ನಡುವೆ ತೆರಪಿಲ್ಲದೆ ಸಾಲು ಒಂದೇ ಸಮನೆ ಸಾಗುವುದರಿಂದ, ಎಲ್ಲಿ ಪದ ಬಿಡಿಸಬೇಕೆಂಬುದನ್ನು ಓದುವವರೇ ನಿರ್ಧರಿಸಬೇಕಾಗುತ್ತದೆ, ಆ ನಿರ್ಧಾರ ತಪ್ಪಿದರೆ ಅರ್ಥವೂ ತಪ್ಪುತ್ತದೆ. ಕಾವ್ಯವಾದರೆ ಛಂದಸ್ಸು ಕೈಹಿಡಿದು ನಡೆಸುತ್ತದೆ. 15 ಅಧಿಕರಣಗಳ ಈ ಗ್ರಂಥವೋ ಬಹುಪಾಲು ಗದ್ಯ, ಅದರಲ್ಲೂ ಎರಡನೆಯ ಅಧಿಕರಣವು ಚಿನ್ನ, ಹೆಂಡ, ಆನೆ, ತೂಕ ಮತ್ತು ಅಳತೆಗಳ ಅಧ್ಯಕ್ಷರ, ಎಂದರೆ ಮೇಲ್ವಿಚಾರಕರ, ಕೆಲಸಗಳನ್ನು ಹೇಳುವಾಗ ಬಳಕೆ ತಪ್ಪಿಹೋದ ಪಾರಿಭಾಷಿಕ ಪದಗಳಿಂದ ತುಂಬಿದೆ. ಹಸ್ತಪ್ರತಿಗಳ ಪಟ್ಟಿ ಮಾಡುವುದನ್ನು ಗುಮಾಸ್ತಿಕೆಯೆಂದು ಎಣಿಸುವವರು ಈ ಒಂದು ಓದನ್ನು ಗಮನಿಸಬೇಕು: ಕಟ್ಟಿನೊಳಗೆ ಏನಿದೆಯೆಂದು ಬಲ್ಲವರಿಲ್ಲದಿದ್ದರೆ ಆ ಗ್ರಂಥ ಕಪಾಟಿನಲ್ಲಿದ್ದೂ ಇಲ್ಲದಂತೆಯೇ ಇರುತ್ತಿತ್ತು.

1905ರಿಂದ ಶಾಸ್ತ್ರಿಗಳ ಇಂಗ್ಲಿಷ್ ಅನುವಾದದ ಭಾಗಗಳು ಪತ್ರಿಕೆಗಳಲ್ಲಿ ಬರತೊಡಗಿ, 1909ರಲ್ಲಿ ಸಂಸ್ಕೃತ ಮೂಲವೂ 1915ರಲ್ಲಿ ಪೂರ್ಣ ಅನುವಾದವೂ ಪ್ರಕಟವಾದವು. ಮುಂದೆ ಬೇರೆ ಪ್ರತಿಗಳು ದೊರೆತು, ತಿರುವನಂತಪುರದ ಟಿ. ಗಣಪತಿ ಶಾಸ್ತ್ರಿಗಳೂ ಆ ಬಳಿಕ ಆರ್.ಪಿ. ಕಾಂಗ್ಲೆಯವರೂ ಪಾಠವನ್ನು ಮತ್ತಷ್ಟು ತಿದ್ದಿದರು. ಮೊದಲ ಓದು ಅಚ್ಚಾಗಿದ್ದರಿಂದಲೇ ಆ ತಿದ್ದುಪಡಿಗೆ ಹಾದಿ ಸುಗಮವಾಯಿತು.

ಶಾಮಶಾಸ್ತ್ರಿಗಳು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿದ್ದು, 1918ರಲ್ಲಿ ಕ್ಯುರೇಟರ್ ಆಗಿ ಲೈಬ್ರರಿಗೆ ಮರಳುವ ಹೊತ್ತಿಗೆ ಅದು ವಿಶ್ವವಿದ್ಯಾಲಯದ ಅಂಗವಾಗಿತ್ತು. ಮೈಸೂರು ಸಂಸ್ಥಾನದ ಪುರಾತತ್ತ್ವ ಸಂಶೋಧನೆಯ ನಿರ್ದೇಶಕರೂ ಆಗಿ, ಓಲೆಯಿಂದ ಕಲ್ಲಿನ ಶಾಸನದತ್ತ ಕಣ್ಣು ಹಾಯಿಸಿ, 1929ರಲ್ಲಿ ನಿವೃತ್ತರಾದ ಶಾಸ್ತ್ರಿಗಳು 1944ರಲ್ಲಿ ತೀರಿಕೊಂಡರು. ಅವರು ಓದಿದ ಆ ಓಲೆಕಟ್ಟು ಇಂದಿಗೂ ಮೈಸೂರಿನ ಅದೇ ಸಂಸ್ಥೆಯಲ್ಲಿದೆ.